ಗೋದಾಬಾಯಿಯವರ ಅಪ್ಪುರಂ

ಆ ಧ್ವನಿ ಗೋದಾಬಾಯಿಯವರದಾಗಿರಲಿಲ್ಲ.

ಶ್ರೀಪ್ರಿಯಾ ಹೆಡ್‌ಫೋನನ್ನು ಕಳಚಿ ಒಮ್ಮೆ ತಿರುಗಿಸಿ ನೋಡಿ, ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು. ಚೆನ್ನೈಯ ಪೆರುಂಗುಡಿಯ ಕಚೇರಿಗಳನ್ನು ದಾಟಿದ ಮೇಲೆ ಸಿಗುವ ಆ ಖಾಸಗಿ ವಿಶ್ವವಿದ್ಯಾಲಯದಲ್ಲಿ ಅವಳು ಕಂಪ್ಯೂಟರ್ ಆಟಗಳ ವಿನ್ಯಾಸವನ್ನು ಓದುತ್ತಿದ್ದಳು. ಇದು ಕೊನೆಯ ವರ್ಷ, ಪರದೆಯ ಮೇಲೆ ತೆರೆದುಕೊಂಡಿದ್ದದ್ದು ಅವಳ ಅಂತಿಮ ಪ್ರಾಜೆಕ್ಟು. ಮಧ್ಯಾಹ್ನ ಹೊರಗಿನ ಪರೀಕ್ಷಕರೊಬ್ಬರು ಬಂದು ಅದನ್ನು ಆಡಿ ನೋಡುವವರಿದ್ದರು. ಚೌಕಾಬಾರದ ಮನೆಗಳು ಎಂದಿನಂತೆ ಮೂಡಿದವು, ಕವಡೆಗಳು ಎಂದಿನಂತೆ ಉರುಳಿದವು, ಸುಕ್ಕುಗಟ್ಟಿದ ಒಂದು ಕೈ ಬಂದು ಕೆಂಪು ಬಳೆಚೂರನ್ನು ಮುಂದಕ್ಕೆ ಸರಿಸಿತು. ಆ ಕೈಯೊಡನೆ ಅವಳ ಅಜ್ಜಿ ಗೋದಾಬಾಯಿಯವರ ಒರಟು ಗಂಟಲು ಕೇಳಬೇಕಾಗಿತ್ತು. ಕೇಳಿದ್ದು ಎಂದೂ ಕೆಮ್ಮದ, ಎಂದೂ ಎಲೆಯಡಿಕೆ ಅಗಿಯದ, ಪ್ರಾಯಶಃ ಎಂದೂ ಹುಟ್ಟಿಯೇ ಇರದ ಒಬ್ಬ ಹೆಂಗಸಿನ ನುಣುಪು ಧ್ವನಿ:

"ತದನಂತರ, ನಿನ್ನ ತಾಯಿಯು ಏನೆಂದು ಹೇಳಿದಳು?"

ಪಕ್ಕದ ಕುರ್ಚಿಯಲ್ಲಿ ರವಿಕಿರಣ್ ಕೂತಿದ್ದ. ತುಮಕೂರಿನವನು, ಈ ಆಟಕ್ಕೆ ಕೋಡ್ ಬರೆದವನು. ಅವನು ತನ್ನ ಪರದೆಯಿಂದ ಕಣ್ಣು ತೆಗೆಯದೆ ಇದ್ದ ರೀತಿಯಲ್ಲೇ ಅವಳಿಗೆ ಅರ್ಧ ಉತ್ತರ ಸಿಕ್ಕಿತು.

"ರವಿ, ನಮ್ಮಜ್ಜಿ ಎಲ್ಲಿ?"

"ಹಳೇ ಫೋಲ್ಡರಲ್ಲಿದ್ದಾರೆ. ಕ್ಷೇಮವಾಗಿದ್ದಾರೆ."

"ಜೋಕ್ ಬೇಡ."

"ನಂದೇನಿಲ್ಲ ಕಣಮ್ಮ. ವಿಷ್ಣುಮೂರ್ತಿ ಸಾರ್ ನಿನ್ನೆ ಕರೆದು ಹೇಳಿದ್ರು, ಮಾಡ್ದೆ. ಬೆಂಗ್ಳೂರಿನ ಪ್ರದರ್ಶನಕ್ಕೆ ಕನ್ನಡದ ಆಟ ಅಂತ ಕಳಿಸ್ತಾರಂತಲ್ಲ, ಭಾಷೆ ಸರಿಯಾಗಿರ್ಬೇಕಂತೆ. ಕಂಪ್ಯೂಟರ್ ವಾಯ್ಸು. ಟೈಪ್ ಮಾಡಿದ್ರೆ ಅದೇ ಓದತ್ತೆ."

"‘ಅಪ್ಪುರಂ’ ಎಲ್ಲಾ ತೆಗೆದ್ಯಾ?"

"‘ಆಮೇಲೆ’ನೂ ತೆಗ್ದೆ. ಎರಡಕ್ಕೂ ‘ತದನಂತರ’ ಅಂತ ಸಾರೇ ಬರೆಸಿದ್ರು."

"ನಿನಗೆ ಗೊತ್ತಿತ್ತು ರವಿ. ಆ ಎರಡು ಮಾತಿನ ಕೋಡ್ ಬರೆದೋನು ನೀನೇ."

ರವಿಕಿರಣ್ ಈಗ ಅವಳತ್ತ ತಿರುಗಿದ. "ಗೊತ್ತಿತ್ತು. ನನ್ನ ಪ್ಲೇಸ್‌ಮೆಂಟಿಗೆ ಶಿಫಾರಸು ಬರೆಯೋರು ಅವರು ಅನ್ನೋದೂ ಗೊತ್ತಿತ್ತು. ನಿಮ್ಮಜ್ಜಿ ಬರ್ಕೊಡ್ತಾರಾ?"

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಕೋಪ ಅಲ್ಲಿ ಖರ್ಚಾಗುವಷ್ಟು ಸಣ್ಣದಾಗಿರಲಿಲ್ಲ.

ಆ ಕೋಪದ ಅಳತೆ ತಿಳಿಯಬೇಕಾದರೆ ಆಟ ಹುಟ್ಟಿದ ಬಗೆಯನ್ನು ಹೇಳಬೇಕು. ಸೌಕಾರ್‌ಪೇಟೆಯ ಒಂದು ಗಲ್ಲಿಯಲ್ಲಿ, ಸ್ಟೀಲು ಪಾತ್ರೆಗಳ ಸಗಟು ಅಂಗಡಿಯ ಮೇಲಿನ ಅಂತಸ್ತಿನಲ್ಲಿ, ಶ್ರೀಪ್ರಿಯಾಳ ಮಾಧ್ವ ಕುಟುಂಬ ನಾಲ್ಕು ತಲೆಮಾರುಗಳಿಂದ ವಾಸವಾಗಿದೆ. ಮಹಡಿಯ ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಯಾರೋ ಹಿರಿಯರು ಉಳಿಯಿಂದ ಗೀರಿದ ಚೌಕಾಬಾರದ ಮನೆಗಳಿವೆ. ಗೋದಾಬಾಯಿಯವರು ಊಟವಾದ ಮೇಲೆ ಅದರ ಮುಂದೆ ಕೂತರೆಂದರೆ, ಎದುರಿಗೆ ಕೂತವರು ಸೋತರೆಂದೇ ಲೆಕ್ಕ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ತಾವು ಒಂದು ಆಟವನ್ನೂ ಸೋತಿಲ್ಲವೆಂಬುದು ಅವರ ಬಿರುದು. ಬಂದವರಿಗೆಲ್ಲ ಕಾಫಿಯ ಜೊತೆಗೆ ಅದನ್ನೂ ಕೊಟ್ಟು ಕಳಿಸುತ್ತಿದ್ದರು.

ಬಿರುದು ನಿಜ, ಗೆಲುವು ಮಾತ್ರ ಪೂರ್ತಿ ನಿಜವಲ್ಲ. ಕವಡೆ ಬಿದ್ದ ಕೂಡಲೇ ಎದುರಿನವರು ಎಣಿಸುವಷ್ಟರಲ್ಲಿ ಅವನ್ನು ಬಾಚಿಕೊಂಡು, ನಿಮ್ಮಮ್ಮ ಏನಂದಳು, ಕಾಲೇಜಲ್ಲಿ ಯಾರು ಸಿಕ್ಕರು ಎಂದು ಏನಾದರೊಂದು ಕೇಳಿ, ಉತ್ತರಕ್ಕೆ ತಡಕಾಡುವ ಹೊತ್ತಿನಲ್ಲಿ ಗೋದಾಬಾಯಿಯವರು ತಮ್ಮ ಕಾಯನ್ನು ಒಂದು ಮನೆ ಹೆಚ್ಚಿಗೆ ಸರಿಸಿಬಿಡುತ್ತಿದ್ದರು. ಶ್ರೀಪ್ರಿಯಾ ಇನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ ಇದನ್ನು ಕಂಡುಕೊಂಡಿದ್ದಳು. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದನ್ನೂ ಕಂಡುಕೊಂಡಿದ್ದಳು. ಚೆನ್ನೈಯ ಕನ್ನಡ ಮನೆಗಳಲ್ಲಿ ಆಗುವಂತೆ ಅಜ್ಜಿಯ ಮಾತಿನಲ್ಲಿ ತಮಿಳು ಎಲ್ಲೆಂದರಲ್ಲಿ ಬೆರೆತಿರುತ್ತಿತ್ತು. ಆದರೆ ಆಟ ನೆಟ್ಟಗಿದ್ದಾಗ ಅವರ ಪ್ರಶ್ನೆ "ಆಮೇಲೆ" ಎಂದು ಶುರುವಾಗುತ್ತಿತ್ತು. ಕಾಯಿ ಕದಿಯುವಾಗ, ಅದೇ ಅರ್ಥದ ತಮಿಳು ಮಾತು, "ಅಪ್ಪುರಂ". ಇದು ಅಜ್ಜಿಗೇ ತಿಳಿದಿರಲಿಲ್ಲ. ಮೊಮ್ಮಗಳು ಹೇಳಲೂ ಇಲ್ಲ. ತಿಳಿದೂ ಸೋಲುವುದರಲ್ಲಿ ಅವಳಿಗೆ ಎಂಥದೋ ಒಂದು ಸುಖವಿತ್ತು.

ಈ ಒಂದು ಮಾತಿನ ಮೇಲೆ ಅವಳು ತನ್ನ ಆಟವನ್ನು ಕಟ್ಟಿದಳು. ಅದರಲ್ಲಿ ಕೋವಿಯಿಲ್ಲ, ರಾಕ್ಷಸನಿಲ್ಲ. ಒಬ್ಬ ಮುದುಕಿ ಚೌಕಾಬಾರ ಆಡುತ್ತಾಳೆ, ಮಾತಾಡುತ್ತಾಳೆ, ನಡುನಡುವೆ ಕದಿಯುತ್ತಾಳೆ. ಆಡುವವನು ಕಿವಿಗೊಟ್ಟು ಕೇಳಬೇಕು. ಅನುಮಾನ ಬಂದರೆ ಪರದೆಯ ಮೇಲಿನ ಆ ಕೈಯನ್ನು ಮುಟ್ಟಿ ಹಿಡಿಯಬೇಕು. ಹಿಡಿದದ್ದು ಸರಿಯಾದರೆ ಮುದುಕಿಯ ಕಾಯಿ ಮೊದಲ ಮನೆಗೆ ಹೋಗುತ್ತದೆ; ತಪ್ಪಾದರೆ ಅವನದೇ ಹೋಗುತ್ತದೆ, ಮೇಲೆ ಬೈಗುಳ. ಬೈಗುಳ, ನಗು, ಕೆಮ್ಮು ಎಲ್ಲವನ್ನೂ ಅವಳು ಅಜ್ಜಿಯ ಎದುರು ಫೋನಿಟ್ಟು ಮುದ್ರಿಸಿಕೊಂಡಿದ್ದಳು. ಅಜ್ಜಿಗೆ ಹೇಳಿದ್ದು ಇಷ್ಟೇ: ನಿನ್ನ ಆಟವನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದೇನೆ. ತಮ್ಮ ಬಿರುದಿಗೆ ವಿಶ್ವವಿದ್ಯಾಲಯವೇ ಮುದ್ರೆಯೊತ್ತುತ್ತಿದೆಯೆಂದು ಗೋದಾಬಾಯಿಯವರು ಭಾವಿಸಿದ್ದರು. ಇವತ್ತು ಅದನ್ನು ಕಣ್ಣಾರೆ ನೋಡಲು ಅವರೇ ಬರುತ್ತಿದ್ದರು.

ಶ್ರೀಪ್ರಿಯಾ ಎದ್ದು ವಿಭಾಗದ ಮುಖ್ಯಸ್ಥರಾದ ವಿಷ್ಣುಮೂರ್ತಿಯವರ ಕೋಣೆಗೆ ಹೋದಳು. ಅವರು ಮೈಸೂರಿನವರು, ಶುದ್ಧವಾದ ಉಚ್ಚಾರದವರು. ತಮಿಳುನಾಡಿನಲ್ಲಿ ಕನ್ನಡ ಕೆಡುತ್ತಿರುವ ಬಗ್ಗೆ ಸಭೆಗಳಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿಕೊಂಡವರು. ಅವಳ ಮುಖ ನೋಡಿಯೂ ನಗುನಗುತ್ತ ಕುರ್ಚಿ ತೋರಿಸಿದರು.

"ಕೇಳಿದ್ಯಾ? ಈಗ ಎಷ್ಟು ಸ್ವಚ್ಛವಾಗಿದೆ ನೋಡು."

"ಸಾರ್, ಅದು ನಮ್ಮಜ್ಜಿ ಮಾತು."

"ನಿಮ್ಮಜ್ಜಿ ಮೇಲೆ ನನಗೆ ಬಹಳ ಗೌರವ ಇದೆಯಮ್ಮ. ಆದರೆ ಒಂದು ವಾಕ್ಯದಲ್ಲಿ ನಾಲ್ಕು ತಮಿಳು ಪದ. ಬೆಂಗಳೂರಲ್ಲಿ ಕೇಳಿದೋರು ಏನಂತಾರೆ? ಅದು ತಪ್ಪು ಅಂತ ನಿಮ್ಮ ಮನೇಲಿ ಇಷ್ಟು ವರ್ಷ ಯಾರೂ ಹೇಳಿಲ್ಲ. ನಾನು ಹೇಳ್ತಿದೀನಿ."

ತಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರೂ ಹೇಳಿಲ್ಲ. ಆ ಮಾತು ಅವಳ ಎದೆಯಲ್ಲಿ ಕೆಂಡದಂತೆ ಕೂತಿತು. ಅವಳು ಧ್ವನಿಯೇರಿಸದೆ, ಎರಡು ಮಾತುಗಳ ಗುಟ್ಟನ್ನು ಮೊದಲಿನಿಂದ ವಿವರಿಸಿದಳು. ಮೊದಲ ಪ್ರೆಸೆಂಟೇಶನ್ನಿನಲ್ಲೂ ವಿವರಿಸಿದ್ದಳು. ಆಗ ಅವರು ಫೋನು ನೋಡುತ್ತ ತಲೆಯಾಡಿಸಿದ್ದರು. ಈಗ ಪೂರ್ತಿ ಕೇಳಿದರು. ಕೇಳಿದ ಮೇಲೆ ಹೇಳಿದ್ದು ಇನ್ನೂ ಕೆಟ್ಟದಾಗಿತ್ತು.

"ಈ ಕಾಲದಲ್ಲಿ ಯಾವ ಆಟಗಾರ ಅಷ್ಟು ಕಿವಿಗೊಟ್ಟು ಕೇಳ್ತಾನೆ? ಮುದುಕಿ ಮೋಸ ಮಾಡೋವಾಗ ಒಂದು ಕೆಂಪು ದೀಪ ಹಾಕು, ಮುಗೀತು. ಅಷ್ಟಕ್ಕೆ ಅಜ್ಜಿ ಯಾಕೆ?"

"ಕೆಂಪು ದೀಪ ಹಾಕಿದ್ರೆ ಕೇಳೋದೇ ಬೇಕಾಗಿಲ್ಲವಲ್ಲ ಸಾರ್."

"ಅದನ್ನೇ ನಾನೂ ಹೇಳ್ತಿರೋದು," ಎಂದು ವಿಷ್ಣುಮೂರ್ತಿಯವರು ಎದ್ದರು. "ಬಿಲ್ಡ್ ಲಾಕ್ ಆಗಿದೆ, ಇನ್ನು ಬದಲಾಯಿಸೋ ಹಾಗಿಲ್ಲ. ಇದೇ ಆಡಿಸೋದು. ನಿನ್ನ ಒಳ್ಳೇದಕ್ಕೇ ಮಾಡಿದ್ದು, ಮುಂದೆ ಗೊತ್ತಾಗತ್ತೆ."

ಅವಳ ಸ್ವಂತ ಲ್ಯಾಪ್‌ಟಾಪಿನಲ್ಲಿ ಹಳೆಯ ಆಟ ಹಾಗೆಯೇ ಇತ್ತು. ಅದನ್ನು ಪರೀಕ್ಷಕರ ಮುಂದಿಡಲು ಅವಳಿಗೆ ಧೈರ್ಯ ಬೇಕಾಗಿರಲಿಲ್ಲ, ಕೋಪವೇ ಸಾಕಾಗಿತ್ತು. ಅಡ್ಡ ನಿಂತದ್ದು ಇನ್ನೊಂದು ಸಂಗತಿ. ಹಳೆಯ ಆಟವನ್ನು ಉಳಿಸಿಕೊಳ್ಳಬೇಕಾದರೆ ಅದೇಕೆ ಹಾಗಿದೆಯೆಂದು ಎಲ್ಲರೆದುರು ಹೇಳಬೇಕು. ಆ ಎಲ್ಲರಲ್ಲಿ ಗೋದಾಬಾಯಿಯವರೂ ಇರುತ್ತಾರೆ.

ಅವರು ಒಬ್ಬರೇ ಟ್ಯಾಕ್ಸಿಯಲ್ಲಿ ಬಂದರು. ಮೆಟ್ರೋ ಕಾಮಗಾರಿಯ ಧೂಳಿನಲ್ಲಿ ಸೌಕಾರ್‌ಪೇಟೆಯಿಂದ ಅಷ್ಟು ದೂರ ಬಂದಿದ್ದರೂ ಒಂಬತ್ತು ಗಜದ ಸೀರೆಯ ಒಂದು ನೆರಿಗೆಯೂ ಕೆಟ್ಟಿರಲಿಲ್ಲ. ಸಭಾಂಗಣದ ಮೊದಲ ಸಾಲಿನ ನಡುವಿನ ಕುರ್ಚಿಯನ್ನು ಯಾರೂ ಕೊಡುವ ಮೊದಲೇ ತೆಗೆದುಕೊಂಡು, ಮೊಮ್ಮಗಳನ್ನು ನೋಡಿ, "ಏನ್ಡೀ ಪ್ರಿಯಾ, ಮುಖ ಯಾಕೆ ಹಂಗಿದೆ? ನನ್ನ ಆಟ ಸೋಲಲ್ಲ, ಸುಮ್ನಿರು," ಎಂದರು.

ಹೊರಗಿನ ಪರೀಕ್ಷಕರು ಪೆರುಂಗುಡಿಯ ಒಂದು ಗೇಮ್ ಕಂಪನಿಯಲ್ಲಿ ಕೆಲಸ ಮಾಡುವ ತಮಿಳು ಮಹಿಳೆ. ಹೆಚ್ಚು ಮಾತಾಡದೆ ಪರದೆಯ ಮುಂದೆ ಕೂತರು. ಕನ್ನಡ ಬಾರದವರಿಗಾಗಿ ಪ್ರತಿಯೊಂದು ಮಾತಿನ ಅರ್ಥ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಕವಡೆ ಉರುಳಿತು, ಕೈ ಬಂತು, ಸಭಾಂಗಣದ ಸ್ಪೀಕರಿನಿಂದ ಆ ನುಣುಪು ಧ್ವನಿ ಹರಿಯಿತು: "ತದನಂತರ, ನಿನ್ನ ವಿದ್ಯಾಭ್ಯಾಸವು ಹೇಗೆ ಸಾಗುತ್ತಿದೆ?"

ಗೋದಾಬಾಯಿಯವರು ಎಡಕ್ಕೂ ಬಲಕ್ಕೂ ನೋಡಿದರು. "ಇದ್ಯಾರುಡೀ? ವಾರ್ತೆ ಓದೋವ್ಳಾ? ಯಾರು ಸತ್ರು ಅಂತ ಹೇಳ್ತಾಳಾ ಈಗ?"

ಹಿಂದಿನ ಸಾಲುಗಳಲ್ಲಿ ನಗೆಯೆದ್ದಿತು. ಶ್ರೀಪ್ರಿಯಾ ನಗಲಿಲ್ಲ. ಪರೀಕ್ಷಕಿ ಸೋತರು, ಮತ್ತೆ ಆಡಿದರು, ಮತ್ತೆ ಸೋತರು. ಕೈಯನ್ನು ಹಿಡಿದಾಗಲೆಲ್ಲ ತಪ್ಪಾಗುತ್ತಿತ್ತು; ಬಿಟ್ಟಾಗ ಕಾಯಿ ಮುಂದೆ ಹೋಗಿರುತ್ತಿತ್ತು. ಕೊನೆಗೆ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಇಂಗ್ಲಿಷಿನಲ್ಲಿ ಹೇಳಿದರು:

"ನೋಡೋದಕ್ಕೆ ಚೆಂದ ಇದೆ. ಆದರೆ ಇವರು ಯಾವಾಗ ಮೋಸ ಮಾಡ್ತಾರೆ ಅಂತ ತಿಳಿಯೋ ದಾರಿಯೇ ಇಲ್ಲ. ಹಿಡಿಯೋದು ಬರೀ ಅದೃಷ್ಟ. ಇದರಲ್ಲಿ ಆಟ ಎಲ್ಲಿದೆ?"

ವಿಷ್ಣುಮೂರ್ತಿಯವರು ವಿಷಾದದಿಂದ ತಲೆಯಾಡಿಸಿದರು. "ವಿನ್ಯಾಸದಲ್ಲಿ ಆ ದೌರ್ಬಲ್ಯ ಇದೆ. ನಾನೇ ಹೇಳಿದ್ದೆ, ಒಂದು ಕೆಂಪು ದೀಪ ಹಾಕಮ್ಮ ಅಂತ. ವಿದ್ಯಾರ್ಥಿಗಳು ಕೇಳಬೇಕಲ್ಲ."

ತಾವೇ ಕಣ್ಣು ಕಿತ್ತು, ಕುರುಡೆಂದು ಜರೆಯುವ ಈ ಮಾತಿಗೆ ಅವಳ ಬಳಿ ತಾಳ್ಮೆ ಉಳಿದಿರಲಿಲ್ಲ. ಲ್ಯಾಪ್‌ಟಾಪನ್ನು ತಂದು ಮೇಜಿನ ಮೇಲೆ ಇಟ್ಟಳು. ಇಟ್ಟ ಸದ್ದಿಗೆ ನೀರಿನ ಲೋಟ ಅಲುಗಿತು. "ನೀವು ಆಡಿದ್ದು ನನ್ನ ಆಟ ಅಲ್ಲ ಮೇಡಂ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ಎರಡು ಮಾತುಗಳ ಸಂಗತಿಯನ್ನೂ ನಿನ್ನೆ ಅವುಗಳಿಗೆ ಏನಾಯಿತೆಂಬುದನ್ನೂ ಬಿಡದೆ ಹೇಳಿದಳು.

"ಏನಂತಿದಾಳೆ?" ಎಂದು ಗೋದಾಬಾಯಿಯವರು ಪಕ್ಕದಲ್ಲಿದ್ದ ರವಿಕಿರಣನನ್ನು ಕೇಳಿದರು. "ಅಪ್ಪುರಂ ಅಪ್ಪುರಂ ಅಂತಾಳಲ್ಲ, ಏನದು? ನನ್ನ ವಿಷಯವಾ?"

ಶ್ರೀಪ್ರಿಯಾ ಅಜ್ಜಿಯ ಕಡೆಗೆ ತಿರುಗಿದಳು. ಇಂಗ್ಲಿಷಿನಲ್ಲಿ ಸಲೀಸಾಗಿ ಬಂದದ್ದನ್ನು ಕನ್ನಡದಲ್ಲಿ ಒಂದೊಂದೇ ಮಾತಾಗಿ ಹೇಳಿದಳು.

"ಅಜ್ಜಿ, ನೀನು ಕಾಯಿ ಕದಿಯೋವಾಗ ಅಪ್ಪುರಂ ಅಂತೀಯ. ಕದೀದೇ ಇರೋವಾಗ ಆಮೇಲೆ ಅಂತೀಯ. ಆಟ ಇರೋದೇ ಅದರಲ್ಲಿ. ಸಾರ್ ನಿನ್ನ ಮಾತನ್ನ ಕೊಳೆ ಅಂತ ತೆಗೆಸಿಬಿಟ್ರು."

ಗೋದಾಬಾಯಿಯವರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಕೈ ಮಾತ್ರ ಸೆರಗಿನ ತುದಿಯನ್ನು ಹುಡುಕಿ ಹಿಡಿಯಿತು.

ಪರೀಕ್ಷಕಿ ಆಗಲೇ ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡಿದ್ದರು. ಈ ಸಲ ಸ್ಪೀಕರಿನಿಂದ ಬಂದದ್ದು ಎಲೆಯಡಿಕೆಯ ಗಂಟಲು. ಆಮೇಲೆ, ನಿಮ್ಮಮ್ಮ ಏನಂದ್ಲು. ಆಮೇಲೆ, ಬಸ್ಸು ಸಿಕ್ತಾ. ಅಪ್ಪುರಂ, ಆ ಹುಡುಗ ಯಾರು. ಪರೀಕ್ಷಕಿಯ ಬೆರಳು ಫಕ್ಕನೆ ಪರದೆಯನ್ನು ಮುಟ್ಟಿತು. ಸುಕ್ಕುಗಟ್ಟಿದ ಕೈ ತಡೆದು ನಿಂತಿತು. ಕೆಂಪು ಕಾಯಿ ಮೊದಲ ಮನೆಗೆ ಮರಳಿತು. "ಅಯ್ಯೋ, ಕಣ್ಣು ಮಂಜು ಕಣೇ ನಂಗೆ," ಎಂದಿತು ಆಟದೊಳಗಿನ ಗೋದಾಬಾಯಿ. ಸಭಾಂಗಣ ನಕ್ಕಿತು. ಮೊದಲ ಸಾಲಿನ ಗೋದಾಬಾಯಿಯವರು ನಗಲಿಲ್ಲ.

"ಒಂದು ನಿಮಿಷ," ಎಂದು ವಿಷ್ಣುಮೂರ್ತಿಯವರು ಮುಂದೆ ಬಂದರು. ಅವರ ಧ್ವನಿಯಲ್ಲಿ ಹೊಸದೊಂದು ಗಾಬರಿಯಿತ್ತು. "ಇದರ ಅರ್ಥ ಏನಾಯ್ತು? ಕನ್ನಡ ಆಡಿದ್ರೆ ಸತ್ಯ, ತಮಿಳು ಆಡಿದ್ರೆ ಮೋಸ. ಅಲ್ವಾ? ಚೆನ್ನೈಯಲ್ಲಿ ಕೂತು ಇದನ್ನ ತೋರಿಸೋದಾ? ಯಾರಾದ್ರೂ ಫೋನಲ್ಲಿ ಹಿಡಿದು ಹಾಕಿದ್ರೆ ವಿಶ್ವವಿದ್ಯಾಲಯದ ಗತಿ ಏನು? ಇದು ತಮಿಳಿಗೆ ಅವಮಾನ."

ನಿನ್ನೆ ತಮಿಳನ್ನು ಕೊಳೆಯೆಂದು ತೊಳೆದವರು ಇವತ್ತು ಅದರ ಮಾನಕ್ಕೆ ಕಾವಲು ನಿಂತಿದ್ದರು. ಶ್ರೀಪ್ರಿಯಾ ಬಾಯಿ ತೆರೆಯುವ ಮುಂಚೆ ಗೋದಾಬಾಯಿಯವರು ಎದ್ದು ನಿಂತರು.

"ರೀ ಮೇಷ್ಟ್ರೇ. ನಾನು ಬೆಳೆದಿದ್ದು ಇದೇ ಊರಲ್ಲಿ, ನಮ್ಮಮ್ಮ ಮಾತ್ರ ನಂಜನಗೂಡಿನವಳು. ತಮಿಳು ಅರ್ಧಂಬರ್ಧ. ನಾವು ಆಡೋವಾಗ ಬಾಗಿಲಲ್ಲಿ ಕೂತು ಕಾಯೋಳು, ಕನ್ನಡದಲ್ಲಿ ಒಂದು ಸುಳ್ಳು ಆಡಂಗಿಲ್ಲ. ಅದಕ್ಕೆ ಪಕ್ಕದ್ಮನೆ ಹುಡುಗೀರ ಜೊತೆ ಎಲ್ಲಾ ತುಂಟತನ ತಮಿಳಲ್ಲೇ. ಅದು ಮೋಸದ ಭಾಷೆ ಅಲ್ಲ, ನನ್ನ ಆಟದ ಭಾಷೆ. ನಂಗೂ ಇವತ್ತೇ ಗೊತ್ತಾಗಿದ್ದು, ಶರಿ. ನೀವು ನನ್ನ ಮಾತನ್ನ ಕೊಳೆ ಅಂದ್ರಿ, ಈಗ ಅವಮಾನ ಅಂತೀರಿ. ಯಾವುದಾದ್ರೂ ಒಂದು ನಿಶ್ಚಯ ಮಾಡ್ಕೊಂಡು ಬೈರಿ."

ಮೊಮ್ಮಗಳು ಒಂದು ಹೆಜ್ಜೆ ಮುಂದಿಟ್ಟಳು. ಗೋದಾಬಾಯಿಯವರು ಅವಳ ಕಡೆ ನೋಡದೆಯೇ ಕೈಯೆತ್ತಿ ತಡೆದರು. "ನೀನು ನನ್ನ ಜೊತೆ ಮಾತಾಡ್ಬೇಡ. ಇಷ್ಟು ವರ್ಷ ಗೊತ್ತಿದ್ದೂ ಸೋತ್ಯಲ್ಲ. ನಾನು ಗೆದ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ, ನೀನು ಒಳಗೊಳಗೇ ಧರ್ಮ ಮಾಡ್ತಿದ್ದೆ." ಅಷ್ಟು ಹೇಳಿ ಹೊರಗೆ ನಡೆದರು.

ಪರೀಕ್ಷಕಿ ಎರಡನೆಯ ಆಟವನ್ನು ಹೊಗಳಿದರು. ಆದರೆ ತಾವು ಅಂಕ ಕೊಡಬಹುದಾದದ್ದು ವಿಭಾಗ ಒಪ್ಪಿಸಿದ ಆಟಕ್ಕೆ ಮಾತ್ರವೆಂದೂ ಹೇಳಿದರು. ವಿಷ್ಣುಮೂರ್ತಿಯವರು ಅವಳನ್ನು ಬದಿಗೆ ಕರೆದು, ತಗ್ಗಿದ ದನಿಯಲ್ಲಿ, ಶುದ್ಧ ಕನ್ನಡದ್ದನ್ನೇ ಇಟ್ಟುಕೊಂಡರೆ ಇವತ್ತೇ ಪಾಸು, ಬೆಂಗಳೂರಿನ ಪ್ರದರ್ಶನಕ್ಕೂ ಅವಳ ಹೆಸರೇ ಹೋಗುತ್ತದೆ, ಇಲ್ಲವಾದರೆ ಮರುಪರೀಕ್ಷೆ, ಮುಂದಿನ ಸೆಮಿಸ್ಟರಿಗೆ, ಎಂದರು.

"ಆ ಆಟಕ್ಕೆ ನನ್ನ ಹೆಸರು ಹಾಕ್ಬೇಡಿ ಸಾರ್. ನಿಮ್ಮದು ಹಾಕ್ಕೊಳ್ಳಿ. ಮಾಡಿದೋರು ನೀವೇ."

"ಕೋಪದಲ್ಲಿ ಒಂದು ಸೆಮಿಸ್ಟರ್ ಕಳ್ಕೋಬೇಡ."

"ಕೋಪ ಇಲ್ದಿದ್ರೆ ಆಟಾನೇ ಪೂರ್ತಿ ಕಳ್ಕೋತಿದ್ದೆ ಸಾರ್."

ಟ್ಯಾಕ್ಸಿಯಲ್ಲಿ ಅಜ್ಜಿ ಮೊಮ್ಮಗಳು ಎರಡು ಕಿಟಕಿಗಳಿಂದ ಎರಡು ಊರುಗಳನ್ನು ನೋಡುವವರಂತೆ ಕೂತು ಬಂದರು. ಸೌಕಾರ್‌ಪೇಟೆಯ ಗಲ್ಲಿಯಲ್ಲಿ ಕೈಗಾಡಿಗಳಿಂದ ಸ್ಟೀಲು ಡಬ್ಬಗಳನ್ನು ಇಳಿಸುತ್ತಿದ್ದರು. ಆ ಸದ್ದಿನ ನಡುವೆ ಮೆಟ್ಟಿಲೇರಿ, ಗೋದಾಬಾಯಿಯವರು ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಪಡಸಾಲೆಯ ಕಲ್ಲಿನ ಮುಂದೆ ಕೂತರು. ಕವಡೆಗಳನ್ನು ನೆಲಕ್ಕೆ ಕುಕ್ಕಿದರು. ಅದು ಕರೆಯೋ ಸವಾಲೋ ಶ್ರೀಪ್ರಿಯಾಳಿಗೆ ತಿಳಿಯಲಿಲ್ಲ. ಎದುರಿಗೆ ಹೋಗಿ ಕೂತಳು.

"ಆಮೇಲೆ," ಎಂದರು ಗೋದಾಬಾಯಿಯವರು ಕವಡೆ ಬಾಚುತ್ತ, "ನಿಮ್ಮಪ್ಪಂಗೆ ಹೇಳಿದ್ಯಾ, ಫೇಲು ಅಂತ?"

"ಫೇಲಲ್ಲ ಅಜ್ಜಿ, ಮರುಪರೀಕ್ಷೆ," ಎಂದು ಹೇಳಿ ಕೆಳಗೆ ನೋಡುವಷ್ಟರಲ್ಲಿ ಅಜ್ಜಿಯ ಕಾಯಿ ಇರಬಾರದ ಮನೆಯಲ್ಲಿ ಕೂತಿತ್ತು. ಕೇಳಿದ್ದು ಆಮೇಲೆ ಎಂದೇ. ಅವಳು ತನ್ನ ಕಿವಿಯನ್ನೇ ನಂಬದಾದಳು.

"ಅಪ್ಪುರಂ, ಆ ತುಮಕೂರಿನ ಹುಡುಗ ಏನಂದ?"

ಅವಳ ಕೈ ತಾನಾಗಿ ಹಾರಿ ಅಜ್ಜಿಯ ಕೈಯ ಮೇಲೆ ಬಿತ್ತು.

"ಕವಡೆ ಅಲ್ಲೇ ಬಿದ್ದಿವೆ, ಎಣಿಸು," ಎಂದರು ಗೋದಾಬಾಯಿಯವರು. ಎಣಿಸಿದಳು. ಕಾಯಿ ಸರಿಯಾದ ಮನೆಯಲ್ಲೇ ಇತ್ತು. "ಏನು ಸಿಕ್ತು? ನಿನ್ನ ಕಾಯಿ ಹೊರಗಿಡು. ಕಳ್ಳತನ ಇಲ್ದಿದ್ದಾಗ ಹಿಡಿದ್ರೆ ನಿಂದೇ ಹೋಗ್ಬೇಕು, ಅಲ್ವಾ? ನಿನ್ನ ಆಟದಲ್ಲೇ ನೋಡಿದೆ."

ಅವಳು ತನ್ನ ಕಾಯನ್ನು ಹೊರಗಿಟ್ಟಳು. ಗೋದಾಬಾಯಿಯವರು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡು, ಸಭಾಂಗಣದ ಆ ನುಣುಪು ಹೆಂಗಸಿನ ಧ್ವನಿಯನ್ನು ಎತ್ತಿಕೊಂಡರು.

"ತದನಂತರ, ನಿನ್ನ ಪ್ರಾಧ್ಯಾಪಕರು ಏನೆಂದು ಹೇಳಿದರು?"

ಹೇಳುತ್ತಲೇ, ಯಾವ ಅವಸರವೂ ಇಲ್ಲದೆ, ಮೊಮ್ಮಗಳ ಕಣ್ಣೆದುರೇ ಕೆಂಪು ಕಾಯನ್ನು ಮನೆಯಿಂದ ಮನೆಗೆ ನಡೆಸಿಕೊಂಡು ಹೋಗಿ ನಡುಮನೆಯಲ್ಲಿ ಇಟ್ಟರು. "ಹಣ್ಣಾಯ್ತು."

"ಅದು ಮೋಸ."

"ಹೂಂ. ಇದನ್ನ ಹಾಕು ನಿನ್ನ ಆಟಕ್ಕೆ. ಒಂದೇ ಮಾತು ಹಿಡ್ಕೊಂಡು ಗೆಲ್ಲೋದಾದ್ರೆ ಅದೇನು ಆಟ. ತಾನು ಸಿಕ್ಕಿಬಿದ್ದೆ ಅಂತ ಮುದುಕಿಗೆ ಗೊತ್ತಾದ ಮೇಲೆ ಹೆಂಗೆ ಆಡ್ತಾಳೆ ಅಂತ ತೋರಿಸು."

"ವಿಷ್ಣುಮೂರ್ತಿ ಸಾರ್ ಒಪ್ಪಲ್ಲ ಅಜ್ಜಿ."

"ಅವರ ಭಾಷೇಲೇ ಕದ್ದಿದೀನಲ್ಲ. ಯಾಕೆ ಒಪ್ಪಲ್ಲ?"

ಶ್ರೀಪ್ರಿಯಾ ಫೋನನ್ನು ತೆಗೆದು ಕಲ್ಲಿನ ಅಂಚಿನಲ್ಲಿಟ್ಟು ಮುದ್ರಣದ ಗುಂಡಿಯನ್ನು ಒತ್ತಿದಳು. ಸ್ವಲ್ಪ ತಡೆದು ಕೇಳಿದಳು: "ಕೋಪ ಹೋಯ್ತಾ?"

"ಇಲ್ಲ," ಎಂದರು ಗೋದಾಬಾಯಿಯವರು. "ಕವಡೆ ಹಾಕು."